ಶತಾಯುಷಿಯ ಬುದ್ಧಿಶಕ್ತಿ: ಸರ್ ಎಂ. ವಿಶ್ವೇಶ್ವರಯ್ಯನವರು

ಅರವತ್ತಕ್ಕೆ ಅರಳುಮರಳು ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ಮಾತು. ಈ ಮಾತನ್ನು ತಮ್ಮ ಬಾಳಿನಿಂದಲೇ ಸುಳ್ಳುಮಾಡಿ ತೋರಿಸಿದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅರವತ್ತು ಕಳೆದ ಮೇಲೆಯೂ ದಶಕಗಳ ಕಾಲ ಅವರ ಬುದ್ಧಿ ಚುರುಕಾಗಿಯೇ ಇದ್ದಿತು. ಅದು ಹುಟ್ಟಿನಿಂದ ಬಂದ ವರವೇ, ಇಲ್ಲವೆ ದುಡಿದು ಗಳಿಸಿದ ಸಂಪತ್ತೇ? ಈ ಪ್ರಶ್ನೆ ವಿದ್ಯಾರ್ಥಿಗಳಾದ ನಮಗೆ ಬರಿಯ ಕುತೂಹಲದ್ದಲ್ಲ. ಬುದ್ಧಿಯೆಂಬುದು ಹುಟ್ಟಿನಲ್ಲಿಯೇ ನಿರ್ಧಾರವಾಗಿ ಹೋಗುವುದಾದರೆ, ಸಂತಪುರದಂತಹ ಗಡಿನಾಡಿನ ಊರುಗಳಿಂದ ಕಾಲೇಜಿಗೆ ಬರುವ ನಮ್ಮ ಓದಿಗೆ ಅರ್ಥವೇನು?

ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ಹುಟ್ಟಿದ ವರ್ಷವನ್ನು 1860 ಎಂದೂ 1861 ಎಂದೂ ಬರೆಯುವುದುಂಟು. ಯಾವುದನ್ನು ಹಿಡಿದರೂ ಅವರು ನೂರು ದಾಟಿದವರೇ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿಂದಲೂ, ಮನೆಪಾಠ ಹೇಳಿ ಸಂಪಾದಿಸಿದ ಹಣದಿಂದಲೂ ಓದಿ, 1881ರಲ್ಲಿ ಬಿ.ಎ. ಪದವಿ ಪಡೆದನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಗೆ ಹೋಗಿ ಇಂಜಿನಿಯರಾಗಿ, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಆ ವಿದ್ಯಾರ್ಥಿವೇತನ ದೊರೆಯದೆ ಹೋಗಿದ್ದರೆ ಎಷ್ಟೇ ತೀಕ್ಷ್ಣವಾದ ಬುದ್ಧಿಯಾದರೂ ಎಲ್ಲಿ ಬೆಳಗುತ್ತಿತ್ತು?

ನಮ್ಮ ಬೀದರ ಪ್ರಾಂತ ಅಂದು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ರಾಜಧಾನಿಯಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಪರಿಹಾರೋಪಾಯ ಸೂಚಿಸಲು ಕರೆಬಂದುದು ವಿಶ್ವೇಶ್ವರಯ್ಯನವರಿಗೆ. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಸಲಹೆಯಿತ್ತರು. ಮುಂದೆ ನಿರ್ಮಾಣವಾದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಸಲಹೆಯ ಫಲ. 1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾದರು; 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿಯ ಅಣೆಕಟ್ಟು, 1916ರ ಮೈಸೂರು ವಿಶ್ವವಿದ್ಯಾನಿಲಯ ಇವುಗಳ ಹೆಸರು ಹೇಳಿದರೆ ಸಾಕು.

ಆದರೆ ನಮಗಿಲ್ಲಿ ಮುಖ್ಯವಾದುದು ಅವರ ಜೀವನದ ಉತ್ತರಾರ್ಧ. ಇತರರು ವಿಶ್ರಾಂತಿ ಬಯಸುವ ಕಾಲದಲ್ಲಿ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಲು ಶ್ರಮಿಸಿದರು. 1934ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಭಾರತದ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದರು. 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. ತೊಂಬತ್ತು ದಾಟಿದ ಮೇಲೆ ಬಿಹಾರಕ್ಕೆ ಹೋಗಿ, ಗಂಗಾನದಿಗೆ ಸೇತುವೆ ಕಟ್ಟತಕ್ಕ ಸ್ಥಳವನ್ನು ಪರಿಶೀಲಿಸಿದರು. ಮೊಕಾಮಾದ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1962ರ ಏಪ್ರಿಲ್ ತಿಂಗಳಲ್ಲಿ ಅವರು ತೀರಿಕೊಂಡರು.

ಇನ್ನು ವಿಜ್ಞಾನ ಏನು ಹೇಳುತ್ತದೆಂಬುದನ್ನು ನೋಡೋಣ. ಸ್ವೀಡನ್ ದೇಶದಲ್ಲಿ ಎಂಬತ್ತು ದಾಟಿದ 240 ಜೋಡಿ ಅವಳಿಗಳನ್ನು ಪರೀಕ್ಷಿಸಿ, 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಏಕರೂಪದ ಅವಳಿಗಳಲ್ಲಿ ಜೀನುಗಳೆಲ್ಲ ಒಂದೇ. ಉಳಿದ ಅವಳಿಗಳಲ್ಲಿ ಸುಮಾರು ಅರ್ಧ ಮಾತ್ರ ಸಮಾನ. ಈ ಎರಡು ಬಗೆಯವರ ಬುದ್ಧಿಯ ಹೋಲಿಕೆಯನ್ನು ತೂಗಿ ನೋಡಿದಾಗ, ಮುದುಕರ ಬುದ್ಧಿಶಕ್ತಿಯಲ್ಲಿ ಕಾಣುವ ವ್ಯತ್ಯಾಸದ ನೂರಕ್ಕೆ ಸುಮಾರು 60 ಪಾಲು ಜೀನುಗಳಿಗೆ ಸಂಬಂಧಿಸಿದ್ದೆಂದು ತಿಳಿದುಬಂದಿತು.

ಇದನ್ನು ತಪ್ಪಾಗಿ ತಿಳಿಯಬಾರದು. ಒಂದೇ ಚೀಲದ ತೊಗರಿಬೀಜವನ್ನು ಎರೆಭೂಮಿಯಲ್ಲೂ ಮರಡಿಯಲ್ಲೂ ಬಿತ್ತಿದರೆ, ಒಂದು ಹೊಲದೊಳಗೆ ಗಿಡಗಿಡಕ್ಕೂ ಇರುವ ಭೇದ ಬಹುಮಟ್ಟಿಗೆ ಬೀಜದ್ದು. ಹೊಲಹೊಲಕ್ಕೂ ಇರುವ ಭೇದ ಮಣ್ಣಿನದು. ಆ 60 ಎಂಬ ಲೆಕ್ಕ ಒಂದು ಹೊಲದೊಳಗಿನ ಲೆಕ್ಕ. ಒಬ್ಬ ವ್ಯಕ್ತಿಯ ಭವಿಷ್ಯವನ್ನಾಗಲಿ, ಒಂದು ಜನಾಂಗದ ಯೋಗ್ಯತೆಯನ್ನಾಗಲಿ ಅದು ಹೇಳಲಾರದು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ವಿಶ್ವೇಶ್ವರಯ್ಯನವರಿಗೂ ಮಹಾರಾಜರಿಗೂ ಭಿನ್ನಾಭಿಪ್ರಾಯ ಉಂಟಾಗಿ, 1918ರಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು. ಯೋಗ್ಯತೆಗೇ ಮನ್ನಣೆ ಸಲ್ಲಬೇಕೆಂಬುದು ಅವರ ನಿಲುವು. ಆದರೆ ಯೋಗ್ಯತೆ ಬೆಳೆಯುವುದಕ್ಕೆ ಮೊದಲು ಮಣ್ಣು ಬೇಕು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನನ್ನು ತಂದ ದಿವಾನರ ಕೆಲಸವೇ ಇದಕ್ಕೆ ಸಾಕ್ಷಿಯಲ್ಲವೇ?

ಮೆದುಳಿನ ರಚನೆಯ ವಿಷಯವೂ ಹೀಗೆಯೇ. ವಯಸ್ಸಾದಂತೆ ಮೆದುಳಿನ ಮೇಲ್ಪದರ ತೆಳುವಾಗುತ್ತದೆ. ನೆನಪಿಗೆ ಆಧಾರವಾದ ಒಳಭಾಗ ಕುಗ್ಗುತ್ತದೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳು ಈ ಕ್ಷಯವನ್ನು ಹೆಚ್ಚಿಸುತ್ತವೆ. ಆದರೂ ಅಮೇರಿಕದ 678 ಕ್ರೈಸ್ತ ಸಂನ್ಯಾಸಿನಿಯರ ಅಧ್ಯಯನದಲ್ಲಿ, ಮರಣಾನಂತರ ಮೆದುಳಿನಲ್ಲಿ ರೋಗದ ಗುರುತುಗಳು ಕಂಡರೂ ಬದುಕಿದ್ದಾಗ ಬುದ್ಧಿ ಮಂಕಾಗದ ಕೆಲವರಿದ್ದರು. ಓದು, ಉದ್ಯೋಗ, ಹೊಸದನ್ನು ಕಲಿಯುವ ಅಭ್ಯಾಸ ಇವು ಮೆದುಳಿಗೆ ಆಪದ್ಧನದಂತೆ ಒದಗುತ್ತವೆಂದು ವಿದ್ವಾಂಸರು ಊಹಿಸುತ್ತಾರೆ. ವಿಶ್ವೇಶ್ವರಯ್ಯನವರ ಮಿತಾಹಾರ, ನಿತ್ಯದ ನಡಿಗೆ, ಬಿಡದ ಬರವಣಿಗೆ ಇಂತಹ ಧನವೇ ಆಗಿದ್ದಿರಬಹುದು. ಆದರೆ ಒಬ್ಬರ ಬಾಳಿನಿಂದ ನಿಯಮವನ್ನು ಸಾಧಿಸಲಾಗದು.

ಅದಕ್ಕಾಗಿಯೇ ಸಾವಿರಾರು ಜನರನ್ನು ವರ್ಷಾನುವರ್ಷ ನೋಡಬೇಕಾಗುತ್ತದೆ. ವಿಶ್ವೇಶ್ವರಯ್ಯನವರು ದೀರ್ಘಕಾಲ ನಿಕಟ ಸಂಬಂಧವಿಟ್ಟುಕೊಂಡಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ಹೀಗೆ ಅಧ್ಯಯನ ಮಾಡಲು ಕೈಹಾಕಿದೆ. ಮುದ್ದೇನಹಳ್ಳಿಗೆ ಅದು ದೂರದ ಸೀಮೆಯಲ್ಲ.

ನಮಗೆ ಇನ್ನೂ ಹತ್ತಿರದ ಸುದ್ದಿಯೊಂದಿದೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ ಮರೆವಿನ ರೋಗ ಹಿಡಿದ 648 ಮಂದಿಯನ್ನು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಒಂದೇ ಭಾಷೆಯವರಿಗಿಂತ ಎರಡು ಮೂರು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಈ ತಡ ಕಂಡಿತು. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಸಂತೆಯಲ್ಲಿ ಕೇಳಿಬರುವ ಬೀದರ ಸೀಮೆಯವರಾದ ನಾವು ಇದನ್ನು ಬಡತನದ ನಡುವಿನ ಸಿರಿಯೆಂದು ತಿಳಿಯಬಹುದು.

ಬೀಜವನ್ನು ಆರಿಸಿಕೊಂಡು ಹುಟ್ಟುವುದು ಯಾರಿಗೂ ಸಾಧ್ಯವಿಲ್ಲ. ಹೊಲವನ್ನು ಹಸನು ಮಾಡುವುದು ಸಾಧ್ಯ. ತಂದೆಯಿಲ್ಲದ ಹುಡುಗನಿಗೆ ಒಂದು ವಿದ್ಯಾರ್ಥಿವೇತನ ಮಾಡಿದ ಕೆಲಸವನ್ನು ನೆನೆದು, ನಾವು ಓದೋಣ. ನಮ್ಮ ಹಿಂದೆ ಬರುವವರಿಗೂ ಓದುವ ಅವಕಾಶ ತಪ್ಪದಂತೆ ನೋಡಿಕೊಳ್ಳೋಣ.