ಜಾವಾ ಗಾಡಿಯ ಜನಕ ಯಾನೆಚೆಕ್



ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜಾವಾ ಗಾಡಿ ಗೊತ್ತಿಲ್ಲದ ಹಿರಿಯರು ಸಿಗುವುದು ಕಷ್ಟ. ಎರಡು ಸೈಲೆನ್ಸರಿನ ಆ ಗುಡುಗುಡು ಸದ್ದು ಕೇಳಿದರೆ ಯಾರ ಗಾಡಿ ಅಂತ ಜಗಲಿಯಲ್ಲೇ ಕೂತು ಹೇಳುತ್ತಿದ್ದೆವು. ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಹೆಂಡತಿ ಮಕ್ಕಳು ಎಲ್ಲವನ್ನೂ ಹೊತ್ತ ಗಾಡಿ ಅದು. ಅದು ತಯಾರಾಗುತ್ತಿದ್ದದ್ದು ಮೈಸೂರಿನ ಯಾದವಗಿರಿಯಲ್ಲಿ ಎಂಬುದೂ ಎಲ್ಲರಿಗೂ ಗೊತ್ತು. ಆದರೆ ಜಾವಾ ಎಂಬ ಹೆಸರು ಎಲ್ಲಿಂದ ಬಂತು, ಅದರ ಹಿಂದಿದ್ದ ಮನುಷ್ಯ ಯಾರು ಎಂಬುದು ತಿಳಿದವರು ಕಡಿಮೆ. ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಆತನ ಕಥೆ ಹೇಳುವುದು ಸೂಕ್ತವೆಂದು ನನಗೆ ತೋರಿತು.

ಆತನ ಹೆಸರು ಫ್ರಾಂತಿಶೆಕ್ ಯಾನೆಚೆಕ್. 1878ರ ಜನವರಿಯಲ್ಲಿ ಯುರೋಪಿನ ಬೊಹೀಮಿಯಾ ಪ್ರಾಂತ್ಯದ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದ. ಆಗ ಅದು ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಸೇರಿತ್ತು, ಈಗ ಚೆಕ್ ದೇಶ. ಪ್ರಾಗ್ ಮತ್ತು ಬರ್ಲಿನ್‌ಗಳಲ್ಲಿ ಓದಿ ಎಂಜಿನಿಯರಾದ. ಹೊಸದೇನಾದರೂ ಕಂಡುಹಿಡಿಯುವ ಹುಚ್ಚು ಆತನಿಗೆ ಮೊದಲಿನಿಂದಲೂ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಕೈಬಾಂಬಿನ ಹೊಸ ಮಾದರಿ ಮಾಡಿದ. ಯುದ್ಧ ಮುಗಿದು ಜೆಕೊಸ್ಲೊವಾಕಿಯಾ ಸ್ವತಂತ್ರವಾದ ಮೇಲೆ ಪ್ರಾಗ್ ನಗರದಲ್ಲಿ ಸ್ವಂತ ಆಯುಧ ಕಾರ್ಖಾನೆ ನಡೆಸಿ ಆ ದೇಶದ ಸೈನ್ಯಕ್ಕೆ ಮಾಲು ಒದಗಿಸಿದ.

ಆದರೆ ಶಾಂತಿಕಾಲದಲ್ಲಿ ಬಾಂಬು ಬಂದೂಕು ಯಾರಿಗೆ ಬೇಕು? 1920ರ ದಶಕದ ಕೊನೆಗೆ ಬೇಡಿಕೆ ಕುಸಿಯಿತು. ಯಂತ್ರಗಳಿವೆ, ಕೆಲಸಗಾರರಿದ್ದಾರೆ, ಕೆಲಸವಿಲ್ಲ. ವಯಸ್ಸು ಐವತ್ತು ದಾಟಿತ್ತು. ಬೇರೆಯವರಾಗಿದ್ದರೆ ಬಾಗಿಲು ಹಾಕಿ ಕೂರುತ್ತಿದ್ದರೋ ಏನೋ. ಯಾನೆಚೆಕ್ ಮೋಟಾರ್ ಸೈಕಲ್ ಕಡೆ ತಿರುಗಿದ.

ಅದೇ ಸಮಯಕ್ಕೆ ಜರ್ಮನಿಯ ವಾಂಡರರ್ ಕಂಪನಿ ಮೋಟಾರ್ ಸೈಕಲ್ ತಯಾರಿಕೆ ಕೈಬಿಡುತ್ತಿತ್ತು. 1929ರಲ್ಲಿ ಆತ ಅದರ ತಯಾರಿಕಾ ಹಕ್ಕನ್ನು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಇಟ್ಟ ಹೆಸರೇ ಜಾವಾ. ಅವರ ಭಾಷೆಯಲ್ಲಿ ಜೆ ಅಕ್ಷರಕ್ಕೆ ಯ ಎನ್ನುವುದರಿಂದ ಅಲ್ಲಿ ಅದು ಯಾವಾ, ನಮ್ಮ ಬಾಯಲ್ಲಿ ಜಾವಾ ಆಯಿತು.

ಮೊದಲ ಗಾಡಿ 500 ಸಿ.ಸಿ.ಯದು. ನೋಡಲು ಭರ್ಜರಿ, ಬೆಲೆಯೂ ಭರ್ಜರಿ. ದೋಷಗಳೂ ಇದ್ದವು. ಜಗತ್ತಿನಲ್ಲೆಲ್ಲ ಆರ್ಥಿಕ ಮುಗ್ಗಟ್ಟು ಬಂದಿದ್ದ ಕಾಲ, ಜನರ ಜೇಬು ಖಾಲಿ. ಗಾಡಿ ನಿರೀಕ್ಷೆಯಂತೆ ಓಡಲಿಲ್ಲ. ಯಾನೆಚೆಕ್ ಹಟ ಹಿಡಿಯಲಿಲ್ಲ, ತಪ್ಪು ಒಪ್ಪಿಕೊಂಡ. ಇಂಗ್ಲೆಂಡಿನಿಂದ ಪ್ಯಾಚೆಟ್ ಎಂಬ ನುರಿತ ಎಂಜಿನಿಯರನ್ನು ಕರೆಸಿಕೊಂಡ. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಕೂರಿಸಿದ 175 ಸಿ.ಸಿ.ಯ ಹಗುರ ಗಾಡಿ ಹೊರಬಂತು. ಸಾಮಾನ್ಯರ ಕೈಗೆಟುಕುವ ಬೆಲೆ. ಜನ ಮುಗಿಬಿದ್ದು ಕೊಂಡರು. ಜಾವಾ ನೆಲೆ ನಿಂತಿತು. ಮುಂದೆ ಸ್ವಂತ ಎಂಜಿನ್‌ಗಳನ್ನೂ, 1934ರಿಂದ ಕಾರುಗಳನ್ನೂ ಆ ಕಂಪನಿ ಮಾಡಿತು.

ಆಮೇಲೆ ಹಿಟ್ಲರನ ಸೈನ್ಯ ಆ ದೇಶವನ್ನು ಆಕ್ರಮಿಸಿತು. 1941ರ ಜೂನ್‌ನಲ್ಲಿ, ದೇಶ ಪರರ ಕೈಯಲ್ಲಿದ್ದಾಗಲೇ, ಯಾನೆಚೆಕ್ ತೀರಿಕೊಂಡ. ಆದರೆ ಆತನ ಕಾರ್ಖಾನೆಯ ಎಂಜಿನಿಯರುಗಳು ಜರ್ಮನರ ಕಣ್ಣು ತಪ್ಪಿಸಿ ಹೊಸ ಗಾಡಿಯ ಕೆಲಸ ಮುಂದುವರಿಸಿದ್ದರು. ಯುದ್ಧಾನಂತರ 1946ರಲ್ಲಿ ಆ 250 ಸಿ.ಸಿ. ಗಾಡಿ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ಕಾರ್ಖಾನೆ ಸರ್ಕಾರದ ವಶವಾಯಿತು, ಜಾವಾ ಹೆಸರು ಮಾತ್ರ ಉಳಿದು ದೇಶ ದೇಶಗಳಿಗೆ ಹರಡಿತು.

ನಮ್ಮಲ್ಲಿಗೆ ಬಂದ ಬಗೆ ಕೇಳಿ. ಮೊದಲು ಮುಂಬಯಿಯ ಇರಾನಿ ಕುಟುಂಬದವರು ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದರು. ಸ್ವದೇಶಿ ಕೈಗಾರಿಕೆ ಬೆಳೆಯಲೆಂದು ಸರ್ಕಾರ ಆಮದಿಗೆ ಕಡಿವಾಣ ಹಾಕಿತು. ಮಾಲು ಕಳಿಸುವ ದಾರಿ ಮುಚ್ಚಿದರೆ ಕಂಪನಿಯೊಂದು ಹೊರದೇಶದಲ್ಲಿ ವ್ಯಾಪಾರ ಮಾಡುವುದು ಹೇಗೆ? ತಯಾರಿಸುವ ವಿದ್ಯೆಯನ್ನು ಮತ್ತು ಹೆಸರನ್ನು ಅಲ್ಲಿನವರಿಗೆ ಒಪ್ಪಂದದ ಮೇಲೆ ಕೊಡುವುದು. ಜಾಗ, ಕೆಲಸಗಾರರು, ಮಾರಾಟ ಎಲ್ಲ ಸ್ಥಳೀಯರದು. ಯಾನೆಚೆಕ್ ಜರ್ಮನರಿಂದ ಹಕ್ಕು ಪಡೆದ ಹಾಗೆಯೇ ಫರೋಖ್ ಇರಾನಿಯವರು ಜೆಕ್ ಕಂಪನಿಯಿಂದ ಪಡೆದರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹ ಅದಕ್ಕಿತ್ತು. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ರಸ್ತೆಗಿಳಿಯಿತು.

1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಅದು ಇರಾನಿನ ಯಜ್ದ್ ಊರಿನ ನೆನಪು. ಮೈಸೂರಿನ ಗಾಡಿಗಳು ಹೊರದೇಶಗಳಿಗೂ ಹೋದವು. ಕೊಂಡು ತಂದ ವಿದ್ಯೆ ಹೀಗೆ ಮತ್ತೆ ಕಡಲು ದಾಟಿತು.

ಆದರೆ ಕಾಲ ನಿಲ್ಲುವುದಿಲ್ಲ. 1980ರ ದಶಕದಲ್ಲಿ ಜಪಾನಿನ ಸಹಯೋಗದ 100 ಸಿ.ಸಿ. ಗಾಡಿಗಳು ಬಂದವು. ಒಂದು ಲೀಟರಿಗೆ ಬಲು ದೂರ ಓಡುತ್ತಿದ್ದವು. ಹೊಗೆಯ ಬಗ್ಗೆ ಸರ್ಕಾರದ ಕಾನೂನೂ ಬಿಗಿಯಾಯಿತು. ಯೆಜ್ಡಿ ಮಾತ್ರ ಬಹುಮಟ್ಟಿಗೆ ಹಳೇ ಎಂಜಿನ್ನಿನಲ್ಲೇ ಉಳಿದಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದನ್ನೇ ನಂಬಿದ್ದ ಕುಟುಂಬಗಳ ಪಾಡು ಮೈಸೂರಿನವರಿಗೆ ಹೇಳಬೇಕಾಗಿಲ್ಲ. 2018ರಲ್ಲಿ ಬೇರೆ ಕಂಪನಿಯವರು ಜಾವಾ ಹೆಸರಿಗೆ ಮರುಜೀವ ಕೊಟ್ಟರು. ಆದರೆ ಆ ಗಾಡಿ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿತು, ಯಾದವಗಿರಿಯ ಕೆಲಸ ಮರಳಲಿಲ್ಲ.

ಇದರಿಂದ ನಮ್ಮ ಸಂಘಕ್ಕೇನು ಪಾಠ? ಎರವಲು ವಿದ್ಯೆ ತರುವುದು ಅವಮಾನವಲ್ಲ, ಯಾನೆಚೆಕ್ ತಂದದ್ದೂ ಎರವಲೇ. ಆದರೆ ಆತ ಅದನ್ನು ಕೊಳ್ಳುವವರ ಜೇಬಿಗೆ ತಕ್ಕಂತೆ ತಿದ್ದಿದ, ತಿದ್ದುತ್ತಲೇ ಇದ್ದ. ತಿದ್ದುವುದು ನಿಂತ ದಿನ ಸಂಸ್ಥೆಯೂ ನಿಲ್ಲುತ್ತದೆ. ನಮ್ಮ ರೈತರ ನಂದಿನಿ ಹಾಲು 2024ರಲ್ಲಿ ದೆಹಲಿ ಮಾರುಕಟ್ಟೆಗೂ ಕಾಲಿಟ್ಟಿತು. ದೂರದ ಊರಿನ ಗಿರಾಕಿ ನಮ್ಮ ಮುಖ ನೋಡುವುದಿಲ್ಲ, ಮಾಲಿನ ಗುಣ ನೋಡುತ್ತಾನೆ. ಇಪ್ಪತ್ತೈದು ವರ್ಷ ನಡೆದು ಬಂದ ನಮ್ಮ ಸಂಘ, ಹಳೆಯದನ್ನು ಹಾಗೇ ಹಿಡಿದು ಕೂರದೆ, ಐವತ್ತು ದಾಟಿಯೂ ಹೊಸ ದಾರಿ ಹಿಡಿದ ಆ ಮನುಷ್ಯನಂತೆ ಮುಂದೆ ಸಾಗಲಿ. ಸುವರ್ಣ ಮಹೋತ್ಸವದ ಸಂಚಿಕೆಯನ್ನು ನಮ್ಮ ಮಕ್ಕಳು ಹೊರತರಲಿ ಎಂದು ಹಾರೈಸುತ್ತೇನೆ.