ಹವಾಮಾನವನ್ನು ಅಳೆದ ಅನ್ನಾ ಮಣಿ

ವಿಜ್ಞಾನ ದಿನಕ್ಕೆ ಒಬ್ಬೊಬ್ಬರೂ ಒಬ್ಬ ವಿಜ್ಞಾನಿಯ ಬಗ್ಗೆ ಬರೆಯಬೇಕೆಂದು ಭೌತಶಾಸ್ತ್ರದ ಮೇಡಂ ಹೇಳಿದಾಗ ನಮ್ಮ ತರಗತಿಯವರು ಐನ್‌ಸ್ಟೈನ್, ಮೇರಿ ಕ್ಯೂರಿ, ಅಬ್ದುಲ್ ಕಲಾಂ ಎಂದು ಹೆಸರುಗಳನ್ನು ಹಂಚಿಕೊಂಡರು. ನಾನು ಬರೆಸಿದ ಹೆಸರು ಅನ್ನಾ ಮಣಿ. ಅದಕ್ಕೆ ಕಾರಣ ಒಂದು ಬಟ್ಟೆಯ ಬತ್ತಿ. ಮೊದಲು ಆ ವಿಷಯ ಹೇಳಿಬಿಡುತ್ತೇನೆ.

ನನ್ನ ನಾನಾ ಇರುವುದು ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ರೇಷ್ಮೆ ಹುಳು ಸಾಕುತ್ತಾರೆ. ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ನಾನು ಹೋದಾಗ ನಾನಾ ಕಣ್ಣಿನ ಆಪರೇಷನ್‌ಗೆಂದು ಬೆಂಗಳೂರಿನಲ್ಲಿದ್ದರು. ಹುಳುಮನೆ ಮಾಮುವಿನ ಕೈಯಲ್ಲಿತ್ತು, ಅವರಿಗೆ ಅದು ಮೊದಲ ಬೆಳೆ. ಗೋಡೆಯ ಮೇಲೆ ಎರಡು ಥರ್ಮಾಮೀಟರ್ ಪಕ್ಕಪಕ್ಕ ಇರುವ ಒಂದು ಹಲಗೆ ತೂಗುಹಾಕಿತ್ತು. ಒಂದು ಒಣ ಬುರುಡೆಯದು, ಇನ್ನೊಂದರ ಬುರುಡೆಗೆ ಬಟ್ಟೆಯ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ನೀರಿನ ಚಿಕ್ಕ ಬಟ್ಟಲಿಗೆ ಇಳಿಬಿಟ್ಟಿದ್ದರು. ಬಟ್ಟಲಿಗೆ ನೀರು ಹಾಕುವುದು, ಎರಡೂ ಅಂಕಿಗಳನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಬರೆಯುವುದನ್ನು ಮಾಡಿದೆ, ನೀರು ಹಾಕುವುದನ್ನು ಮರೆತೆ.

ಈ ಉಪಕರಣದ ಹೆಸರು ಆರ್ದ್ರತಾಮಾಪಕ. ಒದ್ದೆ ಬತ್ತಿಯಿಂದ ನೀರು ಆವಿಯಾಗುವಾಗ ಬುರುಡೆ ತಣ್ಣಗಾಗುತ್ತದೆ. ಗಾಳಿ ಒಣಗಿದಷ್ಟೂ ಆವಿಯಾಗುವುದು ಹೆಚ್ಚು, ಎರಡು ಅಂಕಿಗಳ ನಡುವಿನ ಅಂತರವೂ ಹೆಚ್ಚು. ಒಣ ಬುರುಡೆ 32 ಡಿಗ್ರಿ, ಒದ್ದೆ ಬುರುಡೆ 22 ಡಿಗ್ರಿ ತೋರಿಸಿದರೆ ಸಾಪೇಕ್ಷ ಆರ್ದ್ರತೆ ಶೇ. 40ಕ್ಕಿಂತ ಸ್ವಲ್ಪ ಹೆಚ್ಚು. ಎಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲಷ್ಟು ನೀರಾವಿಯಲ್ಲಿ ಅರ್ಧವೂ ಅದರಲ್ಲಿಲ್ಲ. ಎರಡೂ ಅಂಕಿ ಒಂದೇ ಇದ್ದರೆ ಶೇ. 100. ಬತ್ತಿ ಒಣಗಿದರೂ ಎರಡೂ ಅಂಕಿ ಒಂದೇ ಆಗುತ್ತದೆ! ನನಗಾಗಲಿ ಮಾಮುವಿಗಾಗಲಿ ಅದು ಹೊಳೆಯಲಿಲ್ಲ. ಹವೆ ತುಂಬ ತೇವವಾಗಿದೆಯೆಂದು ಮಾಮು ಕಿಟಕಿಗಳನ್ನೆಲ್ಲ ತೆರೆಸಿದರು, ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿದರು. ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ಸುಮಾರು ಶೇ. 70ರಷ್ಟು ಆರ್ದ್ರತೆ ಬೇಕು. ಹಾಕಿದ ಸೊಪ್ಪು ಗಂಟೆಯೊಳಗೆ ಬಾಡಿಹೋಗುತ್ತಿತ್ತು, ಹುಳು ಸರಿಯಾಗಿ ತಿನ್ನಲಿಲ್ಲ. ಗೂಡು ತೆಳುವಾಗಿ ಬಂತು. ರಾಮನಗರದ ಮಾರುಕಟ್ಟೆಯಲ್ಲಿ ರೀಲರ್‌ಗಳು ಗೂಡನ್ನು ಹಿಸುಕಿ ನೋಡಿ ಮುಂದೆ ಹೋಗುತ್ತಿದ್ದರು. ಮಾಮು ನನಗೆ ಒಂದು ಮಾತೂ ಅನ್ನಲಿಲ್ಲ. ನಾನಾ ಮನೆಗೆ ಬಂದವರೇ ಬತ್ತಿ ಮುಟ್ಟಿ ನೋಡಿ, ನನ್ನ ಮುಖ ನೋಡಿದರು.

ಇದನ್ನು ಮೇಡಂಗೆ ಹೇಳಿಕೊಂಡಾಗ ಅವರು ಅನ್ನಾ ಮಣಿಯವರ ಬಗ್ಗೆ ಓದಲು ಹೇಳಿದರು. ಅಳತೆ ತಪ್ಪಾಗಿದ್ದರೆ ಅಳೆಯದೆ ಇರುವುದೇ ಮೇಲು ಎಂದು ಜೀವನವಿಡೀ ನಂಬಿದ್ದವರು ಅವರು.

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರಿನ ಪೀರ್ಮೇಡ್‌ನಲ್ಲಿ. ತಂದೆ ಸಿವಿಲ್ ಎಂಜಿನಿಯರ್, ಏಲಕ್ಕಿ ತೋಟಗಳೂ ಇದ್ದವು. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಎಂಟನೇ ಹುಟ್ಟುಹಬ್ಬಕ್ಕೆ ಆ ಮನೆತನದ ವಾಡಿಕೆಯಂತೆ ವಜ್ರದ ಓಲೆ ಕೊಡಲು ಬಂದಾಗ ಹುಡುಗಿ ಅದು ಬೇಡವೆಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಸಂಪುಟಗಳನ್ನು ಕೇಳಿದಳು. (ನಾನಾಗಿದ್ದರೆ ಓಲೆಯನ್ನೂ ಇಟ್ಟುಕೊಳ್ಳುತ್ತಿದ್ದೆ.) ವೈಕಂ ಸತ್ಯಾಗ್ರಹದ ಕಾಲಕ್ಕೆ ಗಾಂಧೀಜಿ ಆ ಕಡೆ ಬಂದದ್ದು ಅವರ ಮನಸ್ಸಿನಲ್ಲಿ ಉಳಿಯಿತು, ಖಾದಿ ಉಡಲು ಶುರುಮಾಡಿದರು. ಆ ಮನೆಯಲ್ಲಿ ಗಂಡುಮಕ್ಕಳಿಗೆ ದೊಡ್ಡ ಓದು, ಹೆಣ್ಣುಮಕ್ಕಳಿಗೆ ಮದುವೆ ಎಂಬುದು ರೂಢಿ. ಅಕ್ಕಂದಿರ ದಾರಿ ಬಿಟ್ಟು ಇವರು ಓದನ್ನೇ ಹಿಡಿದರು, ಕೊನೆಯವರೆಗೂ ಮದುವೆಯಾಗಲಿಲ್ಲ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ರಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೇಗೆ ಹೀರುತ್ತವೆ, ಹೇಗೆ ಹೊರಸೂಸುತ್ತವೆ ಎಂದು ಅಭ್ಯಾಸ ಮಾಡಿದರು. ಓಲೆಯಾಗಿ ಬೇಡವೆಂದಿದ್ದ ವಜ್ರ ಹೀಗೆ ಮತ್ತೆ ಕೈಗೆ ಬಂತು. ಒಂದು ಫೋಟೋ ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ತಾಗಿಸಬೇಕಾಗುತ್ತಿದ್ದರಿಂದ ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. ಒಬ್ಬರೇ ಬರೆದ ಐದು ಸಂಶೋಧನಾ ಲೇಖನಗಳು ಪ್ರಕಟವಾದವು. 1945ರಲ್ಲಿ ಪಿಎಚ್.ಡಿ.ಗೆ ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಆಗಿಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಐದು ವರ್ಷದ ಕೆಲಸ ಒಂದು ಕಾಗದವಿಲ್ಲದ್ದಕ್ಕೆ ನಿಂತುಹೋಯಿತು. ಇದನ್ನು ಓದಿ ನನಗೆ ಸಿಟ್ಟು ಬಂತು. ಅವರು ಮಾತ್ರ, ಪದವಿ ಸಿಗದ್ದರಿಂದ ತನ್ನ ಬದುಕಿಗೆ ಏನೂ ಕೊರತೆಯಾಗಲಿಲ್ಲವೆಂದೇ ಹೇಳುತ್ತಿದ್ದರಂತೆ.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ, ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಓದಬೇಕೆಂದಿದ್ದದ್ದು ಭೌತಶಾಸ್ತ್ರ, ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ.

1948ರಲ್ಲಿ ವಾಪಸು ಬಂದು ಪುಣೆಯಲ್ಲಿ ಭಾರತ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಆ ಕಾಲದಲ್ಲಿ ಸಾಮಾನ್ಯ ಥರ್ಮಾಮೀಟರ್ ಕೂಡ ಬ್ರಿಟನ್ನಿನಿಂದ ಬರಬೇಕಿತ್ತು. ಎಸ್.ಪಿ. ವೆಂಕಟೇಶ್ವರನ್ ಅವರ ಕೈಕೆಳಗೆ ಇವರು ಮೊದಲು ಸರಳ ಉಪಕರಣಗಳಿಂದ ಆರಂಭಿಸಿದರು. ಬಿದ್ದ ಮಳೆಯನ್ನು ಅಳೆಯುವ ಮಳೆಮಾಪಕ, ಗಾಳಿಯ ವೇಗ ತಿಳಿಸುವ ಬಟ್ಟಲುಗಳ ಅನಿಮೋಮೀಟರ್, ಗಾಳಿಯ ದಿಕ್ಕು ತೋರಿಸುವ ಬಾಣ. ಗಾಳಿಗೆ ಹೆಸರಿಡುವುದು ಅದು ಬರುವ ಕಡೆಯಿಂದ, ಹೋಗುವ ಕಡೆಯಿಂದಲ್ಲ. ನಮ್ಮ ಮುಂಗಾರನ್ನು ನೈಋತ್ಯ ಮಾರುತ ಎನ್ನುವುದು ಅದಕ್ಕೇ. ಆಮೇಲೆ ವಾಯುಭಾರಮಾಪಕ. ಸಮುದ್ರಮಟ್ಟದಲ್ಲಿ ವಾಯುವಿನ ಸರಾಸರಿ ಒತ್ತಡ 1013 ಹೆಕ್ಟೊಪಾಸ್ಕಲ್. ಸುಮಾರು 750 ಮೀಟರ್ ಎತ್ತರದ ನಮ್ಮ ರಾಮನಗರದಲ್ಲಿ ಅದು 925ರ ಆಸುಪಾಸು ಇರುತ್ತದೆ. ಹಾಗೆಂದು ನಮ್ಮೂರಿನ ಮೇಲೆ ಸದಾ ವಾಯುಭಾರ ಕುಸಿತ ಇದೆ ಎಂದಲ್ಲ. ಎಲ್ಲ ಊರಿನ ಅಳತೆಯನ್ನೂ ಸಮುದ್ರಮಟ್ಟಕ್ಕೆ ಲೆಕ್ಕಹಾಕಿ ಇಳಿಸಿ, ಆಮೇಲೆ ಹೋಲಿಸುತ್ತಾರೆ.

1953ರಲ್ಲಿ ಅವರೇ ವಿಭಾಗದ ಮುಖ್ಯಸ್ಥರಾದರು. ಕೈಕೆಳಗೆ ಕೆಲಸ ಮಾಡುತ್ತಿದ್ದವರು 121 ಮಂದಿ ಗಂಡಸರು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಒಂದೇ ಮಾನಕ್ಕೆ ತಂದು ದೇಶದಲ್ಲೇ ತಯಾರಿಸುವ ವ್ಯವಸ್ಥೆ ಮಾಡಿದರು. ಇದು ದೊಡ್ಡ ಶೋಧವೇನೂ ಅಲ್ಲ ಎಂದು ಮೊದಲು ನನಗನ್ನಿಸಿತ್ತು. ಆದರೆ ಮಾಗಡಿಯ ಮಳೆಮಾಪಕ ಒಂದು ಥರ, ಕನಕಪುರದ್ದು ಇನ್ನೊಂದು ಥರ ಅಳೆದರೆ ಎರಡೂ ಊರಿನ ಮಳೆಯನ್ನು ಹೋಲಿಸುವುದು ಹೇಗೆ? ಥರ್ಮಾಮೀಟರನ್ನು ಬಿಸಿಲಲ್ಲಿಟ್ಟರೆ ಅದು ಗಾಳಿಯ ಉಷ್ಣತೆಯನ್ನಲ್ಲ, ಬಿಸಿಲಿಗೆ ತಾನು ಕಾದದ್ದನ್ನು ತೋರಿಸುತ್ತದೆ. ಅದಕ್ಕೇ ಅದನ್ನು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪಟ್ಟಿಗಳಿರುವ ಸ್ಟೀವನ್ಸನ್ ಪೆಟ್ಟಿಗೆಯೊಳಗೆ ಇಡಬೇಕು. ಪೆಟ್ಟಿಗೆಯ ಬಾಗಿಲು ನಮ್ಮಲ್ಲಿ ಉತ್ತರಕ್ಕೇ ಇರಬೇಕು. ಪ್ರತಿ ಉಪಕರಣವನ್ನೂ ಒಂದು ಮೂಲ ಉಪಕರಣದೊಂದಿಗೆ ತಾಳೆ ನೋಡದೆ ಅವರು ಹೊರಗೆ ಕಳಿಸುತ್ತಿರಲಿಲ್ಲ.

1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ಸೂರ್ಯನ ವಿಕಿರಣ ಅಳೆಯುವ ಕೇಂದ್ರಗಳ ಜಾಲವೊಂದನ್ನು ದೇಶದಲ್ಲಿ ಕಟ್ಟಿದರು. 1963ರಲ್ಲಿ ವಿಕ್ರಂ ಸಾರಾಭಾಯಿ ಅವರ ಕೋರಿಕೆಯಂತೆ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ನಿಲ್ಲಿಸಿದರು. ನಾವು ಅಲ್ಲಿಂದ ಹಾರಿದ ಮೊದಲ ರಾಕೆಟ್ಟನ್ನು ನೆನೆಯುತ್ತೇವೆ, ಮೇಲಿನ ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಿ ಹೇಳುವ ಏರ್ಪಾಡನ್ನು ನೆನೆಯುವುದಿಲ್ಲ. ಬಲೂನಿಗೆ ಕಟ್ಟಿ ಮೇಲಕ್ಕೆ ಬಿಟ್ಟು ಓಝೋನ್ ಅಳೆಯುವ ಓಝೋನ್‌ಸಾಂಡ್ ಕೂಡ ಅವರ ನೇತೃತ್ವದಲ್ಲಿ ಇಲ್ಲೇ ತಯಾರಾಯಿತು. ಆಗ ಸ್ವಂತ ಓಝೋನ್‌ಸಾಂಡ್ ಇದ್ದ ದೇಶಗಳು ಬೆರಳೆಣಿಕೆಯಷ್ಟು.

1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದ ಮೇಲೆ ಬೆಂಗಳೂರಿಗೇ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಗಾಳಿಯ ವೇಗ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯೊಂದನ್ನು ಬೆಂಗಳೂರಿನಲ್ಲೇ ತೆರೆದರು. ಭಾರತದ ಸೌರ ವಿಕಿರಣದ ಅಂಕಿಅಂಶಗಳ ಪುಸ್ತಕಗಳು 1980 ಮತ್ತು 1981ರಲ್ಲಿ, ಪವನ ಶಕ್ತಿಯದು 1983ರಲ್ಲಿ ಬಂದವು. 1987ರಲ್ಲಿ ಕೆ.ಆರ್. ರಾಮನಾಥನ್ ಪದಕ ಸಂದಿತು. 1994ರಲ್ಲಿ ಪಾರ್ಶ್ವವಾಯು ಹೊಡೆದು ಓಡಾಟ ನಿಂತಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು. 83ನೇ ಹುಟ್ಟುಹಬ್ಬಕ್ಕೆ ಇನ್ನೊಂದು ವಾರವಿತ್ತು.

2022ರ ಆಗಸ್ಟ್ 23ರಂದು ಗೂಗಲ್‌ನ ಮುಖಪುಟದಲ್ಲಿ ಅವರ ಚಿತ್ರ ಬಂದಿತ್ತು. ನಾನು ಆಗ ಪ್ರೌಢಶಾಲೆಯಲ್ಲಿದ್ದೆ, ನೋಡಿಯೂ ಯಾರೆಂದು ಕೇಳಲಿಲ್ಲ. ಅದಾಗಿ ಒಂದು ವಾರದೊಳಗೆ ರಾಮನಗರದಲ್ಲಿ ಸುರಿದ ಮಳೆ ನಮಗೆಲ್ಲ ನೆನಪಿದೆ. ಮೈಸೂರು ರಸ್ತೆ ಹೊಳೆಯಾಗಿತ್ತು, ತಗ್ಗಿನ ಮನೆಗಳಿಗೂ ರೇಷ್ಮೆ ಬಿಚ್ಚುವ ಕಾರ್ಖಾನೆಗಳಿಗೂ ನೀರು ನುಗ್ಗಿತ್ತು. ಆಗ ಟಿ.ವಿ.ಯಲ್ಲಿ ಕೇಳುತ್ತಿದ್ದ ಮಿಲಿಮೀಟರ್ ಲೆಕ್ಕ ಈಗ ಅರ್ಥವಾಗುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 30–40 ಸೈಟಿನ ಮೇಲೆ 100 ಮಿ.ಮೀ. ಬಿದ್ದರೆ 11 ಸಾವಿರ ಲೀಟರಿಗೂ ಹೆಚ್ಚು. ಹವಾಮಾನ ಇಲಾಖೆಯವರು ಭಾರಿ ಮಳೆ ಎನ್ನುವುದು ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ, ಅತಿ ಭಾರಿ ಎನ್ನುವುದು 115.6 ಮುಟ್ಟಿದರೆ. 2.5 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನವನ್ನು ಅವರು ಮಳೆ ದಿನವೆಂದೇ ಎಣಿಸುವುದಿಲ್ಲ. ದಿನವೆಂದರೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ.

ಮೇಡಂ ಮತ್ತು ನಾವು ನಾಲ್ವರು ಸೇರಿ ಕಾಲೇಜಿನಲ್ಲಿ ಒಂದು ಮಳೆಮಾಪಕ ಇಡುತ್ತಿದ್ದೇವೆ. ಮೊದಲು ತಾರಸಿಯ ಮೇಲೆ ಎಂದುಕೊಂಡಿದ್ದೆವು. ಗಾಳಿ ಹೊಡೆತಕ್ಕೆ ಅಲ್ಲಿ ಅಳತೆ ಕಡಿಮೆ ಬರುತ್ತದೆಂದು ಓದಿದ ಮೇಲೆ ಗೋಡೆಗಳಿಂದ ದೂರ, ಆಟದ ಮೈದಾನದ ಮೂಲೆಯಲ್ಲಿ ಜಾಗ ಗುರುತಿಸಿದ್ದೇವೆ. ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರುತ್ತದೆ. ವಾಲಿಬಾಲ್ ಆಡುವವರು ದಯವಿಟ್ಟು ಆ ಕಡೆ ಚೆಂಡು ಹೊಡೆಯಬೇಡಿ. ನಾನಾ ಅವರ ಹುಳುಮನೆಯಲ್ಲಿ ಬಟ್ಟಲಿಗೆ ನೀರು ಹಾಕುವ ಕೆಲಸ ರಜೆಯಲ್ಲಿ ಈಗಲೂ ನನ್ನದೇ. ಮಾಮು ದಿನಕ್ಕೆರಡು ಸಲ ಬತ್ತಿ ಮುಟ್ಟಿ ನೋಡುತ್ತಾರೆ.