ಸರ್ ಎಂವಿ ಮತ್ತು ಮೂರು ಅಲರ್ಟ್‌ಗಳು

ಸೆಪ್ಟೆಂಬರ್ 15 ಬಂತಂದ್ರೆ ನಾವೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕಿ ಎಂಜಿನಿಯರ್ಸ್ ಡೇ ಮಾಡ್ತೀವಿ. ಅವರು ನಮ್ಮವರು ಅಂತ ಸಿವಿಲ್ ಬ್ರಾಂಚಿನವರು ಹೆಮ್ಮೆ ಪಡ್ತಾರೆ. ಆದರೆ ರೂಟರ್, ಸ್ವಿಚ್ ನೋಡಿಕೊಳ್ಳುವ ನೆಟ್‌ವರ್ಕ್ ಮಾನಿಟರಿಂಗ್ ಕಲಿಯೋರಿಗೂ ಅವರ ಬದುಕಿನಲ್ಲಿ ಪಾಠ ಇದೆ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿ ಹರಿದು ಹೋಗುತ್ತಿತ್ತು, ಬೇಸಿಗೆಗೆ ಸಾಲುತ್ತಿರಲಿಲ್ಲ. ಅಣೆಕಟ್ಟು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕಿತ್ತು. ಎಂವಿ ಕೋಡಿಯ ಮೇಲೆ ಸ್ವಯಂಚಾಲಿತ ಗೇಟು ಕೂರಿಸಿದರು. ಅದು 1903. ನೀರು ಮಿತಿ ದಾಟಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ.

ನಾವು ಥ್ರೆಶೋಲ್ಡ್ ಅಲರ್ಟ್ ಅನ್ನೋದು ಇದನ್ನೇ ಅಲ್ವಾ? ಸಿಪಿಯು 90% ದಾಟಿದರೆ ಎಚ್ಚರಿಕೆ, ಕೆಳಗಿಳಿದರೆ ಕ್ಲಿಯರ್. ಎರಡನೇ ಬಗೆಯೂ ಇಲ್ಲೇ ಇದೆ. ಕಾವಲುಗಾರ ಆಗಾಗ ಹೋಗಿ ನೀರಿನ ಮಟ್ಟ ನೋಡಿ ಬಂದರೆ ಅದು ಪೋಲಿಂಗ್. ಎರಡು ಸಲದ ನಡುವೆ ನೀರು ಏರಿಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಯಾರೂ ಕೇಳದಿದ್ದರೂ ಸಾಧನವೇ ಸುದ್ದಿ ಮುಟ್ಟಿಸಿದರೆ ಅದು ಟ್ರ್ಯಾಪ್. ಒಂದು ಪೋರ್ಟ್ ಬಿದ್ದ ಕೂಡಲೇ ಸ್ವಿಚ್ ಕಳಿಸುವ ಲಿಂಕ್‌ಡೌನ್ ಟ್ರ್ಯಾಪ್ ಹಂಗೇ. ಎಂವಿ ಗೇಟು ಇನ್ನೂ ಒಂದು ಹೆಜ್ಜೆ ಮುಂದೆ: ಬರೀ ಸುದ್ದಿ ಹೇಳಲ್ಲ, ಕೆಲಸವನ್ನೂ ಮಾಡಿಬಿಡುತ್ತೆ.

ಮೂರನೇ ಪಾಠ ನಮಗೆ ಹತ್ತಿರದ್ದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಆಗ ನಮ್ಮ ಕಲಬುರಗಿ, ಕುಸನೂರ ಎಲ್ಲ ಅದೇ ನಿಜಾಮರ ಸಂಸ್ಥಾನದಲ್ಲಿದ್ದವು. 1909ರಲ್ಲಿ ನಿಜಾಮ್ ಸರ್ಕಾರ ಎಂವಿಯವರನ್ನು ಕರೆಸಿತು. ಅವರು ಬರೀ ಊರೊಳಗಿನ ಹಾಳು ನೋಡಿ ಸುಮ್ಮನಾಗಲಿಲ್ಲ, ನದಿಯ ಮೇಲ್ಭಾಗದ ಲೆಕ್ಕ ತೆಗೆದರು. ಅಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆ ಮೇಲೆ ಬೀಳುತ್ತದೆ, ಅದೂ ಒಡೆಯುತ್ತದೆ. ಅದಕ್ಕೇ ಅವರು ಪ್ರವಾಹವನ್ನು ಊರಿನ ಮೇಲ್ಗಡೆಯೇ ತಡೆಯುವ ಜಲಾಶಯಗಳನ್ನು ಸೂಚಿಸಿದರು. ಮುಂದೆ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಆದವು.

ಹಾಸ್ಟೆಲಿನ ಮೇನ್ ಸ್ವಿಚ್ ಕೆಟ್ಟರೆ ಅದರ ಕೆಳಗಿನ ಅಷ್ಟೂ ವೈಫೈ ಪಾಯಿಂಟ್ ಕೆಂಪಾಗುತ್ತವೆ. ಆದರೆ ಕೆಟ್ಟಿದ್ದು ಒಂದೇ. ನಾಗಿಯೋಸ್‌ನಂಥ ಸಾಫ್ಟ್‌ವೇರ್‌ನಲ್ಲಿ ಯಾವುದು ಯಾವುದರ ಕೆಳಗಿದೆ ಅಂತ ಮೊದಲೇ ಹೇಳಿಟ್ಟರೆ, ನಿಜವಾಗಿ ಬಿದ್ದದ್ದನ್ನು ಡೌನ್ ಅಂತ, ಅದರ ಹಿಂದೆ ಸಿಕ್ಕಿಕೊಂಡವನ್ನು ಅನ್‌ರೀಚಬಲ್ ಅಂತ ಬೇರೆ ಮಾಡಿ ತೋರಿಸುತ್ತದೆ. ಇಲ್ಲದಿದ್ದರೆ ಅಲರ್ಟುಗಳ ಪ್ರವಾಹದಲ್ಲಿ ಅಸಲಿ ಅಲರ್ಟೇ ಮುಳುಗಿ ಹೋಗುತ್ತೆ. ದಿನಾ ಸುಮ್ಮಸುಮ್ಮನೆ ಬಡಿಯುವ ಗಂಟೆಗೆ ಯಾರು ಎದ್ದು ಓಡ್ತಾರೆ ಹೇಳ್ರಿ?

1909ರ ಕೊನೆಗೆ ಅವರು ಮೈಸೂರಿನ ಚೀಫ್ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕೃಷ್ಣರಾಜಸಾಗರದಲ್ಲೂ ಸ್ವಯಂಚಾಲಿತ ಗೇಟುಗಳು ಬಂದವು. 1955ರಲ್ಲಿ ಭಾರತರತ್ನ ಸಿಕ್ಕಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿದ ಮೇಲೆ, ತೀರಿಕೊಂಡರು.

ಅಲರ್ಟ್ ಅಂದ್ರೆ ಸದ್ದು ಮಾಡೋದಲ್ಲ, ಹಾನಿ ಆಗೋದರೊಳಗೆ ಸರಿಯಾದ ಜಾಗಕ್ಕೆ ಕೈ ಹಾಕಿಸೋದು. ಇನ್ಮೇಲೆ ಡ್ಯಾಶ್‌ಬೋರ್ಡ್ ಪೂರ್ತಿ ಕೆಂಪಾದರೆ ಗಾಬರಿಯಾಗೋದು ಬೇಡ, ಮೊದಲು ಮೇಲಿನ ಕೆರೆ ನೋಡೋಣ.